ಅಜ್ಜಿಯ ಬೋರಮಾಳ, ಮೊಮ್ಮಗಳ ಚೈನು

ನಮ್ಮ ಜತ್ತ-ಅಕ್ಕಲಕೋಟ ಸೀಮೆಯ ಅಜ್ಜಿಯರಿಗೆ ಒಡವೆ ಸಿಂಗಾರವೂ ಹೌದು, ಬರಗಾಲದ ಗಂಟೂ ಹೌದು. ಬೋರೆಹಣ್ಣಿನಂಥ ಗುಂಡುಗಳದ್ದು ಬೋರಮಾಳ, ನಾಣ್ಯ ಪೋಣಿಸಿದ್ದು ಪುತಳಿಸರ, ಮೇಲ್ಗಿವಿಗೆ ಬುಗುಡಿ, ಮುಂಗೈಗೆ ಪಾಟ್ಲಿ, ಬಿಲ್ವಾರ. ಬೋರಮಾಳ, ಪಾಟ್ಲಿ ನೆರೆಯ ಮರಾಠಿ ಮನೆಗಳಲ್ಲೂ ಅದೇ ಹೆಸರಿನವು. 1963ರಲ್ಲಿ ಸರಕಾರ ಹೊಸ ಒಡವೆ 14 ಕ್ಯಾರೆಟ್ ಮೀರಬಾರದೆಂದಿತು. ಬಂಗಾರದ ಆಸೆ ಕಡಿಮೆಯಾಗಲಿಲ್ಲ, 1990ರಲ್ಲಿ ನಿಯಂತ್ರಣ ಕಾಯ್ದೆಯೇ ರದ್ದಾಯಿತು.

ಈಗ ನಾವು ಹಳೆಯದನ್ನು ಕರಗಿಸಿ ತೆಳು ಚೈನು ಮಾಡಿಸುತ್ತೇವೆ. ದಿನಾ ಹಾಕಿಕೊಳ್ಳಲು ಅದೇ ಹಗುರ, ತಪ್ಪೇನಿಲ್ಲ. ಆದರೆ ಒಡವೆಯ ಜೊತೆ ಹೆಸರೂ ಹೋಗುತ್ತಿದೆ. ಬಿಲ್ವಾರ ಎಂದರೆ ನಮ್ಮ ತರಗತಿಯ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಗಡಿಯಲ್ಲಿ ಕನ್ನಡ ಸವೆಯುವುದು ಹೀಗೇ, ಒಂದೊಂದು ಮಾತಾಗಿ. ಪಾಲಕರೇ, ಪತ್ತಾರರ ಬಳಿ ಹೋಗುವ ಮೊದಲು ಅಜ್ಜಿಯನ್ನು ಕೇಳಿ, ಆ ಹೆಸರುಗಳನ್ನು ಮಕ್ಕಳ ವಹಿಯಲ್ಲಿ ಬರೆಯಿಸಿರಿ.