ವಶದಲ್ಲಿದ್ದ ಮಾತ್ರಕ್ಕೆ ಒಡೆತನ ಬಾರದು

ಫೆಲೆಸ್ತೀನ್‌ಗೆ ಸಂಬಂಧಿಸಿ ವಿಶ್ವಸಂಸ್ಥೆ ಇನ್ನೊಂದು ಠರಾವು ಅಂಗೀಕರಿಸಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ಈ ಕಾಗದದಿಂದ ಆ ತಾಯಂದಿರಿಗೆ ಸಿಕ್ಕಿದ್ದೇನು?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾನೂನು ಏನು ಹೇಳುತ್ತದೆಂದು ತಿಳಿಯದೆ ಅದನ್ನು ಬದಿಗೆ ತಳ್ಳಿದರೆ ಲಾಭವಾಗುವುದು ಆಕ್ರಮಣಕಾರನಿಗೆ ಮಾತ್ರ.

1967ರ ಜೂನ್ ತಿಂಗಳ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಝಾ, ಸಿರಿಯಾದ ಗೋಲಾನ್ ಹಾಗೂ ಈಜಿಪ್ಟಿನ ಸಿನಾಯಿಯನ್ನು ವಶಪಡಿಸಿಕೊಂಡಿತು. ಸಿನಾಯಿ 1982ರಲ್ಲಿ ಈಜಿಪ್ಟಿಗೆ ಮರಳಿತು. ಉಳಿದ ಪ್ರದೇಶಗಳ ಸಂಕಟ ಇಂದಿಗೂ ಮುಗಿದಿಲ್ಲ.

ಗೆದ್ದ ನೆಲ ಗೆದ್ದವನದ್ದು ಎಂಬುದು ರಾಜಮಹಾರಾಜರ ಕಾಲದ ನಿಯಮ. ಎರಡು ಮಹಾಯುದ್ಧಗಳ ಬಳಿಕ ಜಗತ್ತು ಅದನ್ನು ಕೈಬಿಟ್ಟಿತು. ಇಂದಿನ ಕಾನೂನಿನ ಪ್ರಕಾರ ಆಕ್ರಮಿತ ಪ್ರದೇಶದಲ್ಲಿ ಸೇನೆಯು ತಾತ್ಕಾಲಿಕ ಆಡಳಿತಗಾರ ಮಾತ್ರ, ಒಡೆಯನಲ್ಲ. ತನ್ನ ನಾಗರಿಕರನ್ನು ತಂದು ಅಲ್ಲಿ ನೆಲೆಗೊಳಿಸಬಾರದೆಂದು 1949ರ ನಾಲ್ಕನೇ ಜಿನೀವಾ ಒಪ್ಪಂದದ 49ನೇ ವಿಧಿ ಹೇಳುತ್ತದೆ. ಯುದ್ಧ ಕಾರ್ಯಾಚರಣೆಗೆ ಅನಿವಾರ್ಯವಾದ ಹೊರತು ಜನರ ಮನೆ, ಆಸ್ತಿಯನ್ನು ನಾಶಪಡಿಸಬಾರದೆಂದು 53ನೇ ವಿಧಿ ತಡೆಯುತ್ತದೆ.

ಇದು ಇಸ್ರೇಲಿಗೆ ತಿಳಿಯದ ವಿಷಯವೇ? ಖಂಡಿತ ಅಲ್ಲ. ಅದರ ವಿದೇಶಾಂಗ ಸಚಿವಾಲಯದ ಕಾನೂನು ಸಲಹೆಗಾರರಾಗಿದ್ದ ಥಿಯೋಡರ್ ಮೆರಾನ್ ಅವರು 1967ರ ಸೆಪ್ಟೆಂಬರ್‌ನಲ್ಲೇ, ಆಕ್ರಮಿತ ಪ್ರದೇಶದಲ್ಲಿ ನಾಗರಿಕ ವಸಾಹತುಗಳನ್ನು ಕಟ್ಟುವುದು ಈ ಒಪ್ಪಂದಕ್ಕೆ ವಿರುದ್ಧವೆಂದು ಸರಕಾರಕ್ಕೆ ಗುಪ್ತವಾಗಿ ಬರೆದುಕೊಟ್ಟಿದ್ದರು. ಮೆರಾನ್ ಸ್ವತಃ ನಾಝಿಗಳ ಶಿಬಿರದಲ್ಲಿ ನರಳಿ ಬದುಕುಳಿದ ಯಹೂದಿ. ಅವರ ಮಾತನ್ನು ಬದಿಗಿಟ್ಟು ವಸಾಹತುಗಳನ್ನು ಕಟ್ಟಲಾಯಿತು. ಇಂದು ಪಶ್ಚಿಮ ದಂಡೆ ಮತ್ತು ಪೂರ್ವ ಜೆರುಸಲೇಮ್‌ನಲ್ಲಿ ಇಂತಹ ವಲಸಿಗರ ಸಂಖ್ಯೆ ಏಳು ಲಕ್ಷ ಮುಟ್ಟಿದೆ. ಇನ್ನೊಂದೆಡೆ, ಪಶ್ಚಿಮ ದಂಡೆಯ ಸುಮಾರು ಶೇಕಡಾ 60ರಷ್ಟು ಭಾಗದಲ್ಲಿ ಫೆಲೆಸ್ತೀನ್ ಕುಟುಂಬವೊಂದು ಸ್ವಂತ ಜಾಗದಲ್ಲಿ ಒಂದು ಕೋಣೆ ಕಟ್ಟಬೇಕಾದರೂ ಇಸ್ರೇಲಿ ಸೇನಾಡಳಿತದ ಪರವಾನಗಿ ಬೇಕು. ಅದು ಸಿಗುವುದೇ ಅಪರೂಪ. ಪರವಾನಗಿ ಇಲ್ಲದೆ ಕಟ್ಟಿದರೆ ಬುಲ್ಡೋಜರ್ ಬರುತ್ತದೆ.

ರಾಜತಾಂತ್ರಿಕತೆಯಲ್ಲಿ ಒಂದು ಪದದ ಬೆಲೆ ಎಷ್ಟೆಂಬುದಕ್ಕೂ ಇಲ್ಲಿ ಉದಾಹರಣೆಯಿದೆ. 1967ರ ನವೆಂಬರ್ 22ರಂದು ಭದ್ರತಾ ಮಂಡಳಿ ಅಂಗೀಕರಿಸಿದ 242ನೇ ಠರಾವು, ಯುದ್ಧದಿಂದ ನೆಲ ಗಳಿಸುವುದು ಸಲ್ಲದೆಂದು ಹೇಳಿ, ವಶಪಡಿಸಿದ ಪ್ರದೇಶಗಳಿಂದ ಸೇನೆ ಹಿಂದೆಗೆಯಬೇಕೆಂದಿತು. ಆದರೆ ಅದರ ಇಂಗ್ಲಿಷ್ ಪಾಠದಲ್ಲಿ 'ಪ್ರದೇಶಗಳು' ಎಂಬುದರ ಹಿಂದೆ 'ದಿ' ಎಂಬ ಪುಟ್ಟ ಪದವಿರಲಿಲ್ಲ. 'ಎಲ್ಲ ಪ್ರದೇಶಗಳಿಂದ ಎಂದು ಹೇಳಿಲ್ಲವಲ್ಲ' ಎಂದು ಇಸ್ರೇಲ್ ವಾದಿಸಿತು. ಫ್ರೆಂಚ್ ಪಾಠದಲ್ಲಿ ಆ ಪದವಿತ್ತು. ಈ ಪುಟ್ಟ ಪದದ ಚರ್ಚೆಯಲ್ಲೇ ದಶಕಗಳು ಕಳೆದವು.

ಹಾಗಾದರೆ ಕಾನೂನು ಜಾರಿಯಾಗುವುದೇ ಇಲ್ಲವೇ? ಆಗುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಇದೇ ಭದ್ರತಾ ಮಂಡಳಿ ಅದೇ ದಿನ ಠರಾವು ಹೊರಡಿಸಿತು. ಏಳು ತಿಂಗಳೊಳಗೆ ಕುವೈತ್ ಬಿಡುಗಡೆಯಾಯಿತು. ಆಕ್ರಮಿಸಿದ್ದು ಮುಸ್ಲಿಮ್ ರಾಷ್ಟ್ರವೇ ಆಗಿದ್ದರೂ ಅದು ಅನ್ಯಾಯವೇ. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿಯಾಗಿ ನಿಲ್ಲಬೇಕೆಂಬುದು ಕುರ್‌ಆನಿನ ಆಜ್ಞೆ. ನಮ್ಮ ದೂರು ಇಷ್ಟೇ: ಆ ಅವಸರ ಫೆಲೆಸ್ತೀನಿನ ವಿಷಯದಲ್ಲಿ ಏಕಿಲ್ಲ? 2011ರಲ್ಲಿ ವಸಾಹತುಗಳನ್ನು ಖಂಡಿಸುವ ಠರಾವಿಗೆ ಮಂಡಳಿಯ 15 ಸದಸ್ಯರಲ್ಲಿ 14 ಮಂದಿ ಬೆಂಬಲ ನೀಡಿದರು. ಅಮೇರಿಕದ ಒಂದು ವಿಟೋದಿಂದ ಅದು ಬಿದ್ದುಹೋಯಿತು. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದನ್ನು ಕೈಯಲ್ಲಿಟ್ಟುಕೊಂಡವರ ಮನಸ್ಸಿನಲ್ಲಿ.

2024ರ ಜುಲೈ 19ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವು, ಆಕ್ರಮಿತ ಫೆಲೆಸ್ತೀನ್‌ನಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ, ಅದು ಆದಷ್ಟು ಬೇಗ ಕೊನೆಗೊಳ್ಳಬೇಕೆಂಬ ಅಭಿಪ್ರಾಯ ನೀಡಿತು. ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ 124 ಮತಗಳಿಂದ ಅದಕ್ಕೆ 12 ತಿಂಗಳ ಗಡುವು ನೀಡಿತು. ವಿರುದ್ಧ 14 ಮತಗಳು ಬಿದ್ದವು. 43 ರಾಷ್ಟ್ರಗಳು ತಟಸ್ಥವಾಗಿದ್ದವು. 1988ರಲ್ಲೇ ಫೆಲೆಸ್ತೀನ್ ರಾಷ್ಟ್ರಕ್ಕೆ ಮಾನ್ಯತೆ ನೀಡಿದ್ದ ನಮ್ಮ ಭಾರತವೂ ಆ ದಿನ ತಟಸ್ಥರ ಸಾಲಿನಲ್ಲಿ ಕುಳಿತದ್ದು ನೋವಿನ ಸಂಗತಿ. ಗಡುವು 2025ರ ಸೆಪ್ಟೆಂಬರ್‌ಗೆ ಮುಗಿಯಿತು. ಸೇನೆ ಹಿಂದೆ ಸರಿಯಲಿಲ್ಲ.

ಹಾಗಿದ್ದೂ ಕಾಗದ ವ್ಯರ್ಥವಲ್ಲ. ವಸಾಹತುಗಳಲ್ಲಿ ತಯಾರಾದ ಆಹಾರವಸ್ತುಗಳ ಮೇಲೆ ಆ ವಿಷಯವನ್ನು ಸ್ಪಷ್ಟವಾಗಿ ನಮೂದಿಸಲೇಬೇಕೆಂದು 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೆ ಆಧಾರವಾದದ್ದು ಈ ಕಾನೂನೇ. ಹೀಗೆ ದೂರದ ಠರಾವು ಅಲ್ಲಿನ ಗೃಹಿಣಿಯ ಸಂತೆಚೀಲದ ತನಕ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾಗಳು ಫೆಲೆಸ್ತೀನ್‌ಗೆ ಮಾನ್ಯತೆ ನೀಡಿದವು. ಹಕ್ಕು ದಾಖಲೆಯಲ್ಲಿ ಉಳಿದದ್ದರಿಂದಲೇ ಇದೆಲ್ಲ ಸಾಧ್ಯವಾಯಿತು.

ಆದ್ದರಿಂದ ಸಹೋದರಿಯರೇ, ಪತ್ರಿಕೆಯಲ್ಲಿ 'ವಿವಾದಿತ ಪ್ರದೇಶ' ಎಂಬ ಪದ ಕಂಡರೆ ಮಕ್ಕಳಿಗೆ ತಿದ್ದಿ ಹೇಳಿರಿ: ಅದು ವಿವಾದಿತವಲ್ಲ, ಆಕ್ರಮಿತ. ಅನ್ಯಾಯವಾಗಿ ಕಬಳಿಸಿದ ಒಂದು ಗೇಣು ನೆಲವೂ ನಾಳೆ ಪರಲೋಕದಲ್ಲಿ ಕೊರಳಿಗೆ ಉರುಳಾಗುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಆ ನ್ಯಾಯಾಲಯದಲ್ಲಿ ಯಾರಿಗೂ ವಿಟೋ ಇಲ್ಲ. ಅಲ್ಲಿಯವರೆಗೆ ಇಲ್ಲಿ ಸತ್ಯವನ್ನು ಸರಿಯಾದ ಹೆಸರಿನಿಂದ ಕರೆಯುವುದು ನಮ್ಮ ಹೊಣೆ.