ಪತ್ರಕ್ಕೆ ಮುನ್ನ

ಯೂಟ್ಯೂಬಿನಲ್ಲಿ ಅಡುಗೆ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ವಿಡಿಯೊಗಳಲ್ಲಿ ಪ್ರಚಾರ ಮಾಡಿಕೊಡುವೆನೆಂದು ಎಣ್ಣೆಯ ಕಂಪನಿಯೊಂದಕ್ಕೆ ಬರೆದ ಪತ್ರವನ್ನು ತಿದ್ದಿಸಿಕೊಳ್ಳಲು ಬಂದಿದ್ದಳು. ಚಂದಾದಾರರ ಸಂಖ್ಯೆ ಅದರಲ್ಲಿ ಮೂರು ಬಾರಿ ಬಂದಿತ್ತು.

“ನೋಡುವವರು ಯಾವ ಊರಿನವರಮ್ಮ? ಎಷ್ಟು ಹೊತ್ತು ನೋಡುತ್ತಾರೆ?” ಎಂದೆ. ಆ ಲೆಕ್ಕವನ್ನು ಯೂಟ್ಯೂಬೇ ಒದಗಿಸುತ್ತದೆ. ಅವಳು ತೆರೆದೂ ನೋಡಿರಲಿಲ್ಲ. ಆ ಎಣ್ಣೆಯಲ್ಲಿ ಒಂದು ಹಪ್ಪಳವನ್ನೂ ಕರಿದಿರಲಿಲ್ಲ!

ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಲೋಪವೇ ದೊಡ್ಡದು. ಅಲ್ಲಿ ಒತ್ತೆಗೆ ಬೀಳುವುದು ನೋಡುಗರ ನಂಬಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದಾರಿ ತಪ್ಪಿಸುವ ಜಾಹೀರಾತಿನಲ್ಲಿ ವಸ್ತುವನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹೇಳಿಕೆಯ ಸತ್ಯವನ್ನು ಮೊದಲೇ ಎಚ್ಚರದಿಂದ ವಿಚಾರಿಸಿಕೊಂಡವರಿಗೆ ವಿನಾಯಿತಿಯುಂಟು. ಹಣ ಪಡೆದ ಸಂಗತಿಯನ್ನಂತೂ ನೋಡುಗರಿಗೆ ಸ್ಪಷ್ಟವಾಗಿ ತಿಳಿಸಲೇಬೇಕು.

ಅವಳು ಪತ್ರವನ್ನು ಮಡಿಚಿಟ್ಟಳು. “ಮೊದಲು ಒಂದು ಲೀಟರ್ ಕೊಂಡು ನೋಡುತ್ತೇನೆ, ಮೇಷ್ಟ್ರೇ” ಎಂದಳು.