ಮಾವನ ಪಿಕಪ್‌ಗೆ ಹೊಸ ಕಣ್ಣು



ಈ ವಾರದ ಪ್ರಶ್ನೆ ಬಂದಿರುವುದು ಕೋಲಾರ ಜಿಲ್ಲೆಯಿಂದ, ಏಳನೇ ತರಗತಿಯ ಹುಡುಗನೊಬ್ಬನಿಂದ. ಅವನ ಮಾವನ ಹತ್ತಿರ ಒಂದು ಪಿಕಪ್ ಗಾಡಿ ಇದೆ. ಟೊಮೆಟೊ ಕ್ರೇಟುಗಳನ್ನು ತುಂಬಿಕೊಂಡು ರಾತ್ರಿ ಹೊತ್ತು ಬೆಂಗಳೂರಿಗೆ ಹೊರಡುವ ಗಾಡಿ. ಹುಡುಗ ಹೀಗೆ ಬರೆದಿದ್ದಾನೆ: "ಹೆಡ್‌ಲೈಟ್ ಮಂಕಾಗಿದೆ, ಜಾಸ್ತಿ ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿಸ್ತೀನಿ ಅಂತಾರೆ ಮಾವ. ಬೇಡ ಕಣೋ, ಎದುರಿಗೆ ಬರೋರ ಕಣ್ಣು ಕತ್ತಲೆ ಆಗುತ್ತೆ ಅಂತಾರೆ ತಾತ. ಮನೆಯಲ್ಲಿ ದಿನಾ ಇದೇ ಮಾತು. ಯಾರು ಸರಿ?"

ಇಬ್ಬರೂ ಸರಿ, ಮರಿ. ಮಾವನ ಕಷ್ಟ ನಿಜವಾದದ್ದು. ಕತ್ತಲಲ್ಲಿ ದೀಪವಿಲ್ಲದ ಎತ್ತಿನ ಗಾಡಿ, ರಸ್ತೆಯಲ್ಲೇ ಮಲಗಿದ ದನ, ಅಂಚಿನಲ್ಲಿ ನಡೆದು ಹೋಗುವ ಮನುಷ್ಯ ಇವರೆಲ್ಲ ಸಮಯಕ್ಕೆ ಸರಿಯಾಗಿ ಕಾಣಿಸಬೇಕು. ತಾತನ ಭಯವೂ ನಿಜವಾದದ್ದೇ. ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಇದೆ. ಅದನ್ನು ಹುಡುಕಬೇಕಾದರೆ ಒಂದು ಮಾತು ನೆನಪಿಟ್ಟುಕೊಳ್ಳಿ: ಹೆಡ್‌ಲೈಟಿನ ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಬೀಳುತ್ತದೆ ಎನ್ನುವುದು ದೊಡ್ಡದು.

ಕಪ್ಪು ಬಳಿದ ದೀಪಗಳು

ಅಜ್ಜಂದಿರಿಗೆ ನೆನಪಿರಬಹುದು. ಹಿಂದೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಲಾರಿ, ಕಾರು, ಸ್ಕೂಟರುಗಳ ಹೆಡ್‌ಲೈಟಿನ ಗಾಜಿಗೆ ಕಪ್ಪು ಬಣ್ಣ ಬಳಿದಿರುತ್ತಿತ್ತು. ಕೆಲವಕ್ಕೆ ಮೇಲಿನ ಅರ್ಧ, ಕೆಲವಕ್ಕೆ ನಡುವೆ ಒಂದು ದೊಡ್ಡ ಬೊಟ್ಟು. ದೃಷ್ಟಿಬೊಟ್ಟು ಎಂದುಕೊಂಡ ಮಕ್ಕಳೂ ಇದ್ದರು! ಎದುರಿನವರ ಕಣ್ಣು ಕುಕ್ಕದಿರಲಿ ಎಂದು ಮಾಡಿದ ಉಪಾಯ ಅದು. ಅಂದರೆ ತಾತನ ತಕರಾರು ಇವತ್ತಿನದಲ್ಲ.

ಅದಕ್ಕೂ ಹಿಂದೆ ಹೋದರೆ, ಮೊದಮೊದಲ ಮೋಟಾರು ಗಾಡಿಗಳಲ್ಲಿ ಕಾರ್ಬೈಡ್ ದೀಪಗಳಿದ್ದವು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಬರುತ್ತದೆ. ಅದು ಉರಿದರೆ ಬೆಳ್ಳನೆಯ ಬೆಳಕು. ವಿದ್ಯುತ್ ದೀಪಗಳು ಬಂದ ಮೇಲೆ ಅಮೆರಿಕದಲ್ಲಿ 1940ರಿಂದ ಒಂದೇ ಅಳತೆಯ, ಏಳು ಅಂಗುಲದ ದುಂಡು ದೀಪವನ್ನು ಎಲ್ಲ ಕಾರುಗಳಿಗೂ ಹಾಕುವ ಪದ್ಧತಿ ಬಂತು. 1960ರ ದಶಕದಲ್ಲಿ ಯುರೋಪಿನಲ್ಲಿ ಹ್ಯಾಲೊಜನ್ ಬಲ್ಬು ಬಂತು. ಲೆಕ್ಸಸ್ ಕಂಪನಿಯ ಕಾರೊಂದರಲ್ಲಿ 2007ರ ಹೊತ್ತಿಗೆ ಎಲ್‌ಇಡಿ ಹೆಡ್‌ಲೈಟು ಬಂತು. ದೀಪ ಬದಲಾಗುತ್ತಲೇ ಬಂದಿದೆ, ಪ್ರಶ್ನೆ ಮಾತ್ರ ಬದಲಾಗಿಲ್ಲ: ನನಗೂ ಕಾಣಬೇಕು, ಎದುರಿನವರಿಗೂ ಕಾಣಬೇಕು, ಹೇಗೆ?

ಬಲ್ಬಿನೊಳಗೊಂದು ಪುಟ್ಟ ಬಟ್ಟಲು

ನಮ್ಮ ಪಿಕಪ್‌ಗಳಲ್ಲಿ ಬಹಳ ಕಾಣುವುದು ಎಚ್4 ಎಂಬ ಹ್ಯಾಲೊಜನ್ ಬಲ್ಬು. ಅದರ ಮೇಲೆ 60/55 ವ್ಯಾಟ್ ಎಂದು ಬರೆದಿರುತ್ತದೆ. ಒಂದೇ ಬಲ್ಬು, ಎರಡು ತಂತಿ. ಹೈಬೀಮ್‌ಗೆ 60 ವ್ಯಾಟಿನ ತಂತಿ, ಡಿಮ್‌ಗೆ 55 ವ್ಯಾಟಿನದು. ಬಲ್ಬಿನ ಹಿಂದೆ ಹೊಳೆಯುವ ಕನ್ನಡಿಯ ಬೋಗುಣಿ ಇರುತ್ತದೆ. ಆ ಬೋಗುಣಿಯೊಳಗೆ ಒಂದು ನಿರ್ದಿಷ್ಟ ಬಿಂದು ಉಂಟು. ದೀಪ ಸರಿಯಾಗಿ ಅಲ್ಲಿದ್ದರೆ ಬೆಳಕು ನೇರ ಮುಂದಕ್ಕೆ ಸಾಗುತ್ತದೆ. ಸ್ವಲ್ಪ ಜರುಗಿದರೂ ದಿಕ್ಕು ತಪ್ಪುತ್ತದೆ.

ಈಗ ಜಾಣತನ ನೋಡಿ. ಡಿಮ್ ತಂತಿಯನ್ನು ಆ ಬಿಂದುವಿಗಿಂತ ಚೂರು ಮುಂದೆ ಇಟ್ಟಿರುತ್ತಾರೆ. ಆಗ ಬೋಗುಣಿಯ ಮೇಲರ್ಧಕ್ಕೆ ಬಡಿದ ಬೆಳಕು ಕೆಳಗೆ, ರಸ್ತೆಯ ಕಡೆಗೆ ಬಾಗುತ್ತದೆ. ಕೆಳ ಅರ್ಧಕ್ಕೆ ಬಡಿದರೆ? ಅದು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗುತ್ತದೆ. ಹಾಗಾಗಬಾರದೆಂದು ತಂತಿಯ ಕೆಳಗೆ ಲೋಹದ ಒಂದು ಪುಟಾಣಿ ಬಟ್ಟಲು ಇಟ್ಟು ಆ ಬೆಳಕನ್ನು ಅಲ್ಲೇ ತಡೆಯುತ್ತಾರೆ. ಹಳೆಯ ಕಾಲದವರು ಗಾಜಿನ ಮೇಲೆ ಬಳಿದ ಕಪ್ಪು, ಈಗ ಬಲ್ಬಿನೊಳಗೇ ಸೇರಿಕೊಂಡಿದೆ ಎನ್ನಿ.

ಆದ್ದರಿಂದಲೇ ಡಿಮ್ ದೀಪವನ್ನು ಗೋಡೆಗೆ ಹಿಡಿದರೆ ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆ ಬಲಗಡೆಗೆ ಸಮತಟ್ಟಾಗಿದ್ದು, ಎಡಗಡೆಗೆ ತುಸು ಮೇಲೇರುತ್ತದೆ. ಯಾಕೆ ಗೊತ್ತೇ? ನಾವು ಎಡಗಡೆ ಓಡಿಸುವವರು. ಎದುರಿನ ಗಾಡಿ ಬರುವುದು ಬಲಗಡೆಯಿಂದ, ಅಲ್ಲಿ ಬೆಳಕು ತಗ್ಗಿರಬೇಕು. ನಡೆದು ಹೋಗುವವರು, ಫಲಕಗಳು ಎಡ ಅಂಚಿನಲ್ಲಿ, ಅಲ್ಲಿ ಬೆಳಕು ಏರಬೇಕು. ಬಲಗಡೆ ಓಡಿಸುವ ಅಮೆರಿಕದಂಥ ದೇಶಗಳ ದೀಪವನ್ನು ತಂದು ಇಲ್ಲಿ ಹಾಕಿದರೆ ಎಲ್ಲವೂ ತಿರುಗುಮುರುಗು.

ಬಲ್ಬು ಮಾತ್ರ ಬದಲಾದರೆ

ಮಾವ ಹಾಕಬೇಕೆಂದಿರುವ ಎಲ್‌ಇಡಿ ಬಲ್ಬಿನಲ್ಲಿ ಸಣ್ಣ ತಂತಿ ಇಲ್ಲ. ಒಂದು ಪಟ್ಟಿಯ ಎರಡೂ ಬದಿಗೆ ಚಪ್ಪಟೆ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಬೆಳಕು ಹೊರಡುವ ಜಾಗ, ಅದು ಹರಡುವ ರೀತಿ ಎರಡೂ ಬೇರೆ. ಬೋಗುಣಿಯನ್ನು ಮಾಡಿದ್ದು ತಂತಿಗಾಗಿ. ಹಾಗಾಗಿ ಬೆಳಕೇನೋ ಹೆಚ್ಚುತ್ತದೆ, ಗೆರೆ ಮಾತ್ರ ಕದಡಿ ಹೋಗುತ್ತದೆ. ಗಾಡಿಯ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ನೆಲ ಬೆಳ್ಳಗೆ ಹೊಳೆಯುತ್ತದೆ. ಮಾವನಿಗೆ ಖುಷಿ. ಆದರೆ ನೋಡಬೇಕಾದ ದೂರದ ಜಾಗಕ್ಕೆ ಬೆಳಕು ಸಾಲದೆ, ಮೇಲಕ್ಕೆ ಸೋರಿದ್ದು ಎದುರಿನವರ ಕಣ್ಣಿಗೆ ನುಗ್ಗುತ್ತದೆ.

ಹಾಗಂತ ಎಲ್‌ಇಡಿ ಕೆಟ್ಟದ್ದಲ್ಲ. ಅದಕ್ಕೆಂದೇ ಕನ್ನಡಿ, ಮಸೂರ ಎಲ್ಲ ಸೇರಿಸಿ ಮಾಡಿದ ಪೂರ್ತಿ ದೀಪ ಚೆನ್ನಾಗಿರಬಹುದು. ಅಲ್ಲೂ ಹೆಸರನ್ನು ನೋಡಿ ನಂಬುವಂತಿಲ್ಲ. ಪಿಕಪ್‌ಗಳ ದೇಶವೆಂದರೆ ಅಮೆರಿಕ ತಾನೇ? ಅಲ್ಲಿನ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2016ರಲ್ಲಿ ಪಿಕಪ್‌ಗಳ ಹೆಡ್‌ಲೈಟ್ ಪರೀಕ್ಷಿಸಿತು. 'ಉತ್ತಮ' ಎನಿಸಿಕೊಂಡದ್ದು ಹೋಂಡಾ ರಿಡ್ಜ್‌ಲೈನ್ ಒಂದೇ. ಹೆಸರುವಾಸಿ ಫೋರ್ಡ್ ಎಫ್-150 ಗಾಡಿಯ ಹ್ಯಾಲೊಜನ್ ದೀಪವೂ, ಕಂಪನಿಯೇ ಕೊಡುತ್ತಿದ್ದ ಎಲ್‌ಇಡಿ ದೀಪವೂ ರಸ್ತೆಗೆ ಬೇಕಾದಷ್ಟು ಬೆಳಕು ಬೀರಲಿಲ್ಲ.

ತಾತನ ಕಣ್ಣಿಗೆ ಯಾಕೆ ಹೆಚ್ಚು ತೊಂದರೆ?

ಮಕ್ಕಳೇ, ಇದನ್ನು ಅಜ್ಜ-ಅಜ್ಜಿಯ ಪಕ್ಕ ಕೂತು ಓದಿ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಒಳಗಿನ ಮಸೂರ ಹಳದಿಗಟ್ಟಿ ಮಬ್ಬಾಗುತ್ತ ಬರುತ್ತದೆ. ಇಪ್ಪತ್ತರ ಕಣ್ಣಿನ ಪರದೆಗೆ ತಲುಪುವ ಬೆಳಕಿನ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ತಲುಪುತ್ತದೆ. ಜೊತೆಗೆ, ಮಬ್ಬಾದ ಮಸೂರಕ್ಕೆ ಜೋರು ಬೆಳಕು ಬಿದ್ದರೆ ಅದು ಒಳಗೆಲ್ಲ ಚೆದುರುತ್ತದೆ. ಬೆಳಗಿನ ಬಿಸಿಲಲ್ಲಿ ಧೂಳು ಹಿಡಿದ ಕಿಟಕಿ ಗಾಜು ಹೇಗಿರುತ್ತದೋ ಹಾಗೆ. ಕುಕ್ಕಿದ ಕಣ್ಣು ಮತ್ತೆ ಸರಿಹೋಗಲು ಹಿರಿಯರಿಗೆ ಹೆಚ್ಚು ಹೊತ್ತು ಬೇಕು.

ಒಂದು ಲೆಕ್ಕ ಮಾಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ ಗಾಡಿ 50 ಮೀಟರ್ ಕುರುಡಾಗಿ ಓಡಿರುತ್ತದೆ. ಆ 50 ಮೀಟರಿನಲ್ಲಿ ಯಾರಾದರೂ ಸೈಕಲ್ ತುಳಿಯುತ್ತಿದ್ದರೆ? ತಾತ ಹೆದರುವುದು ಇದಕ್ಕೇ. ಎದುರಿನವರ ಕಣ್ಣು ಕತ್ತಲಾದರೆ ಅವರ ಗಾಡಿ ಮಾವನ ಪಿಕಪ್ ಕಡೆಗೇ ನುಗ್ಗಬಹುದು. ಅದು ಮಾವನಿಗೂ ಅಪಾಯವೇ.

ಹೊರೆ ಏರಿದರೆ ದೀಪವೂ ಏರುತ್ತದೆ

ಪಿಕಪ್‌ಗೆ ಇನ್ನೊಂದು ವಿಶೇಷ ತೊಂದರೆ ಇದೆ. ಖಾಲಿ ಗಾಡಿಯ ದೀಪ ಸರಿಯಾಗೇ ಇರುತ್ತದೆ. ಹಿಂದೆ ಕ್ರೇಟು ತುಂಬಿದಾಗ ಪಟ್ಟೆ ಸ್ಪ್ರಿಂಗ್ ಬಾಗಿ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಮೂತಿಯ ಜೊತೆ ದೀಪವೂ ಆಕಾಶ ನೋಡುತ್ತದೆ!

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರವಿದೆ, ಹಿಂಭಾಗ 6 ಸೆಂಟಿಮೀಟರ್ ಇಳಿಯಿತು ಎಂದುಕೊಳ್ಳಿ. ಆಗ ಪ್ರತಿ ಮೀಟರಿಗೆ 2 ಸೆಂಟಿಮೀಟರ್ ಓರೆ. ಮೊದಲು ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಇಳಿಯುತ್ತಿದ್ದ ಬೆಳಕಿನ ಗೆರೆ ಈಗ ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಏರತೊಡಗುತ್ತದೆ. ದೀಪ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 50 ಮೀಟರ್ ಆಚೆ ಆ ಗೆರೆ 140 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಎದುರು ಬರುವ ಕಾರಿನವರ ಕಣ್ಣು ಅದಕ್ಕಿಂತ ಕೆಳಗೇ ಇರುವುದರಿಂದ ಪೂರ್ತಿ ಬೆಳಕಿನೊಳಗೆ ಸಿಕ್ಕಿಕೊಳ್ಳುತ್ತದೆ. ಮಾವ ಡಿಮ್ ಹಾಕಿದ್ದರೂ ಎದುರಿನವರಿಗೆ ಹೈಬೀಮ್ ಹಾಕಿದಂತೆಯೇ.

ಇದಕ್ಕಾಗಿಯೇ ಎಷ್ಟೋ ಗಾಡಿಗಳಲ್ಲಿ ಸ್ಟಿಯರಿಂಗ್ ಹತ್ತಿರ 0, 1, 2, 3 ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಹೊರೆ ಹೆಚ್ಚಾದಂತೆ ಅಂಕಿಯನ್ನು ಹೆಚ್ಚಿಸಿದರೆ ದೀಪ ತಲೆ ತಗ್ಗಿಸುತ್ತದೆ. ಅದು ಯಾತಕ್ಕೆಂದು ಗೊತ್ತಿಲ್ಲದೆ ಮುಟ್ಟದೇ ಬಿಟ್ಟವರು ಬಹಳ ಮಂದಿ. ನಿಮ್ಮ ಮನೆಯ ಗಾಡಿಯಲ್ಲಿ ಇದೆಯೇ, ನೋಡಿ ಹೇಳಿ.

ಹಾಗಾದರೆ ಮಾವ ಏನು ಮಾಡಲಿ?

ಮೊದಲು ಗಾಜು. ಈಗಿನ ಹೆಡ್‌ಲೈಟಿನ ಮುಚ್ಚಳ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಕ್ಕೆ ವರ್ಷಗಳು ಕಳೆದಂತೆ ಹಳದಿಯಾಗಿ ಮಂಕು ಹಿಡಿಯುತ್ತದೆ. ಒಳಗೆ ಎಂಥ ಬಲ್ಬಿದ್ದರೂ ಪ್ರಯೋಜನವಿಲ್ಲ. ನಯವಾದ ಮರಳು ಕಾಗದದಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ರಕ್ಷಣೆಯ ಲೇಪನ ಕೊಟ್ಟರೆ ಬೆಳಕು ಮರಳಿ ಬರುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜಿದರೂ ಹೊಳೆಯುತ್ತದೆ, ಆದರೆ ಲೇಪನವಿಲ್ಲದ್ದರಿಂದ ಬೇಗ ಮತ್ತೆ ಮಂಕಾಗುತ್ತದೆ.

ಎರಡನೆಯದು ವೈರು. ಹಳೆಯ ಗಾಡಿಯಲ್ಲಿ ತುಕ್ಕು ಹಿಡಿದ ಕೂಡು, ಸಣಕಲು ವೈರು, ಸವೆದ ಸ್ವಿಚ್ಚು ಇವೆಲ್ಲ ದಾರಿಯಲ್ಲೇ ವೋಲ್ಟೇಜ್ ತಿನ್ನುತ್ತವೆ. ವೋಲ್ಟೇಜ್ ನೂರಕ್ಕೆ 10 ಇಳಿದರೆ ಹ್ಯಾಲೊಜನ್ ಬಲ್ಬಿನ ಬೆಳಕು ನೂರಕ್ಕೆ ಸುಮಾರು 30 ಇಳಿಯುತ್ತದೆ! ಇದಕ್ಕೆ ಮದ್ದು ರಿಲೇ ಎಂಬ ಪುಟ್ಟ ವಿದ್ಯುತ್ ಸ್ವಿಚ್ಚು. ಅದನ್ನು ಹಾಕಿದರೆ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಕರೆಂಟು ದೀಪಕ್ಕೆ ಹೋಗುತ್ತದೆ, ಸ್ಟಿಯರಿಂಗ್ ಬಳಿಯ ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡುವ ಕೆಲಸ ಮಾತ್ರ ಮಾಡುತ್ತದೆ. ಫ್ಯೂಸ್ ಸಹಿತ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಹೊಸ ವೈರು ಹಾಕದೆ 100/90 ವ್ಯಾಟಿನ ಬಲ್ಬು ತುರುಕುವುದು ತಪ್ಪು. 90 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿ: ಒಂದೊಂದು ದೀಪಕ್ಕೆ 7.5 ಆಂಪಿಯರ್. ಹಳೆಯ ವೈರು ಬಿಸಿಯಾಗಿ ಹೋಲ್ಡರು ಕರಗುತ್ತದೆ. ವೈರು ಹೊಸದಾದರೂ ಬೋಗುಣಿಗೆ ಆ ಶಾಖ ತಡೆಯದು.

ಮೂರನೆಯದು ಬಲ್ಬು. ಒಳ್ಳೆಯ ಕಂಪನಿಯ, ಅದೇ ವ್ಯಾಟಿನ ಹೊಸ ಹ್ಯಾಲೊಜನ್ ಬಲ್ಬು ಎರಡೂ ಕಡೆ ಒಟ್ಟಿಗೆ ಹಾಕಿಸಲಿ. ಅದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗುರಿ. ಸಮತಟ್ಟಾದ ನೆಲದಲ್ಲಿ ಗೋಡೆಗೆ 10 ಮೀಟರ್ ದೂರ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಸರಿಯಿದೆಯೇ ನೋಡಿ, ಡಿಮ್ ಹಾಕಬೇಕು. ದೀಪದ ನಡುಮಧ್ಯ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಸಾಮಾನ್ಯವಾಗಿ 10 ಸೆಂಟಿಮೀಟರ್ ಕೆಳಗೆ ಗೆರೆ ಬೀಳಬೇಕು. ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ದೀಪದ ಹಿಂದಿನ ತಿರುಪನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಆಯಿತು. ಖರ್ಚಿಲ್ಲದ ಕೆಲಸ, ಲಾಭ ಮಾತ್ರ ದೊಡ್ಡದು.

ಕಾನೂನೂ ತಾತನ ಕಡೆಗೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಡಿಮ್ ದೀಪ ಕುಕ್ಕಬಾರದು. ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದವರ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ವಿಶೇಷವಾಗಿ ಪ್ರಕರಣ ಹಾಕತೊಡಗಿದರು.

ಮರಿ, ನಿನ್ನ ಮಾವನಿಗೆ ಹೇಳು: ಗಾಡಿಗೆ ಹೊಸ ಕಣ್ಣು ಬೇಕು, ಸರಿಯೇ. ಅದು ರಸ್ತೆಯನ್ನು ನೋಡುವ ಕಣ್ಣಾಗಿರಲಿ. ತಾತನಿಗೂ ಹೇಳು: ಗಾಜು ಉಜ್ಜುವ ದಿನ ಗೋಡೆಯ ಮೇಲೆ ಗೆರೆ ಅಳೆಯಲು ಟೇಪು ಹಿಡಿದು ನಿಲ್ಲುವ ಕೆಲಸ ಅವರದು.

ಮಾಡಿ ನೋಡಿ

ಟಾರ್ಚು, ಒಂದು ರಟ್ಟಿನ ಚೂರು, ಅಳತೆ ಪಟ್ಟಿ ತೆಗೆದುಕೊಳ್ಳಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಮೇಜಿನ ಮೇಲೆ ಗೋಡೆಯತ್ತ ಇಟ್ಟು, ಬೆಳಕಿನ ನಡುಭಾಗಕ್ಕೆ ಬಳಪದಿಂದ ಗುರುತು ಹಾಕಿ. ಈಗ ಟಾರ್ಚಿನ ಮೂತಿಯ ಕೆಳಗೆ ರಟ್ಟಿನ ಚೂರು ಸಿಕ್ಕಿಸಿ. ಬೆಳಕು ಎಷ್ಟು ಮೇಲೇರಿತು ಅಳೆಯಿರಿ. ಮೇಜನ್ನು ಗೋಡೆಯಿಂದ ಎರಡರಷ್ಟು ದೂರಕ್ಕೆ ಎಳೆದು ಮತ್ತೆ ಮೊದಲಿನಿಂದ ಅಳೆಯಿರಿ. ಒಂದು ಚೂರು ರಟ್ಟಿನ ಕರಾಮತ್ತು ನಿಮಗೇ ಕಾಣುತ್ತದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಈ ವಾರದ ಲೆಕ್ಕ

ಒಂದು ಪಿಕಪ್‌ನ ದೀಪ ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿದೆ. ಡಿಮ್ ಬೆಳಕಿನ ಗೆರೆ ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಇಳಿಯುತ್ತದೆ. ಅದು ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ? ಟೊಮೆಟೊ ತುಂಬಿ ಗಾಡಿ ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಓರೆಯಾದರೆ ಆಗೇನಾಗುತ್ತದೆ? ತಾತನ ಜೊತೆ ಕೂತು ಬಿಡಿಸಿ. ಉತ್ತರ ಮುಂದಿನ ವಾರ.